ಎಪ್ಪತ್ತೆರಡು ಅಡಕಗಳು

ಟಪಾಲಮ್ಮ: ಒಂದು ಅಂದಿರಿ. ಒಂದೇ ಒಂದು. ಈಗ ನೋಡಿದರೆ ಎಪ್ಪತ್ಮೂರು ಬಂತು ಅಂತಿದೆಯಲ್ರೀ ನಿಮ್ಮ ಕಂಪ್ಯೂಟರು!

ಪ್ರೋಗ್ರಾಮರ್: ನಾನು ಕೇಳಿದ್ದು ಒಂದೇ ಮೇಡಂ, ಎಲೆಕ್ಟ್ರಾನ್ ಅಂತ, ಆ್ಯಪ್ ಕಟ್ಟೋ ಸಾಮಾನು. ಉಳಿದದ್ದೆಲ್ಲ ಅದರ ಜೊತೆ ತಾನಾಗಿ ಬಂದದ್ದು.

ಟಪಾಲಮ್ಮ: ಈ ಬಾಗಿಲು ದಾಟಿ ತಾನಾಗಿ ಬರೋದು ಬೆಕ್ಕು ಒಂದೇ. ಮಿಕ್ಕಿದ್ದಕ್ಕೆಲ್ಲ ನಂಬರ್ ಹಾಕಬೇಕು.

ನೀರು ಸರಬರಾಜು ಕಚೇರಿಯಲ್ಲಿ ಬಾಗಿಲ ಪಕ್ಕದ ಮೊದಲ ಮೇಜು ಅವರದು. ಇಪ್ಪತ್ತಾರು ವರ್ಷಗಳಿಂದ ಒಳಗೆ ಬಂದ ಪ್ರತಿಯೊಂದು ಕಾಗದವೂ ಅವರ ಆವಕ ರಿಜಿಸ್ಟರಿನಲ್ಲಿ ನಂಬರ್ ಹಾಕಿಸಿಕೊಂಡೇ ಮುಂದಕ್ಕೆ ಹೋಗಬೇಕು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಷ್ಟೇ ಉಳಿದು, ಕಚೇರಿಗೆಲ್ಲ ಅವರು ಟಪಾಲಮ್ಮ. ಈಗ ಆ ಮೇಜಿನ ಅರ್ಧವನ್ನು ಒಂದು ಕಂಪ್ಯೂಟರ್ ನುಂಗಿ ಕೂತಿತ್ತು. ಇನ್ನು ಮುಂದೆ ಆವಕದ ಕೆಲಸವನ್ನೆಲ್ಲ ಅದರೊಳಗೆ ಈ ಪ್ರೋಗ್ರಾಮರ್ ಹಾಕಿಕೊಡುತ್ತಿದ್ದ ಹೊಸ ಆ್ಯಪ್ ಮಾಡುವುದಂತೆ. ಸಂಜೆ ನಾಲ್ಕಕ್ಕೆ ಸೂಪರಿಂಟೆಂಡೆಂಟರು ಬಂದು ನೋಡಿ ಒಪ್ಪಿಬಿಟ್ಟರೆ, ಸೋಮವಾರದಿಂದ ರಿಜಿಸ್ಟರ್ ಬಂದ್. ಟಪಾಲಮ್ಮ ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ. ಅಲ್ಲಿ ಕಿಟಕಿಯೂ ಇಲ್ಲ, ನರಪಿಳ್ಳೆಯೂ ಸುಳಿಯುವುದಿಲ್ಲ. ಯಾರೂ ಬರದ ಕಡೆ ಕೂತು ಅವರು ಗದರಿಸುವುದಾದರೂ ಯಾರನ್ನು? ಮೂರು ದಿನದಿಂದ ಅವರಿಗೆ ಊಟ ಸೇರಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಪೈಕಿಯವರಲ್ಲ ಅವರು.

ಪ್ರೋಗ್ರಾಮರ್: ಇವು ಕಾಗದ ಅಲ್ಲ ಮೇಡಂ, ಪ್ಯಾಕೇಜುಗಳು, ಪ್ರೋಗ್ರಾಮಿನ ತುಂಡುಗಳು.

ಟಪಾಲಮ್ಮ: ಪಾರ್ಸಲ್ಲಿಗೂ ನಂಬರ್ ಇದೆ. ಯಾರು ತಂದುಕೊಟ್ಟರು?

ಪ್ರೋಗ್ರಾಮರ್: ಎನ್‌ಪಿಎಂ ಅಂತ ಒಂದಿದೆ. ಇಂಥದ್ದು ಬೇಕು ಅಂತ ಬರೆದರೆ ಇಂಟರ್ನೆಟ್ಟಿಂದ ತಂದು ಹಾಕುತ್ತೆ.

ಟಪಾಲಮ್ಮ: ಪೋಸ್ಟ್‌ಮ್ಯಾನ್ ಅನ್ನಿ ಮತ್ತೆ! ಸಹಿ ಹಾಕಿಸಿಕೊಳ್ಳದೇ ಹೋದನಾ? ಸರಿ, ಕಳಿಸಿದವರು ಯಾರು?

ಪ್ರೋಗ್ರಾಮರ್: ಒಂದೊಂದನ್ನ ಒಬ್ಬೊಬ್ಬರು ಬರೆದಿರ್ತಾರೆ. ನನಗೆ ಅವರ ಪರಿಚಯ ಇಲ್ಲ.

ಟಪಾಲಮ್ಮ: ಪರಿಚಯ ಇಲ್ಲದ ಅಷ್ಟು ಜನರನ್ನ ಒಳಗೆ ಬಿಟ್ಟುಕೊಂಡಿದ್ದೀರಿ. ನಲ್ಲೀಲಿ ನೀರು ಬರ್ತಿಲ್ಲ ಅಂತ ಬರೋ ಅಜ್ಜನ್ನೂ ನಾನು ಹೆಸರು ಕೇಳದೆ ಬಿಡೋಳಲ್ಲ.

ಟಪಾಲಮ್ಮ ಕನ್ನಡಕ ಏರಿಸಿಕೊಂಡು ಪರದೆಗೆ ಮುಖ ಒಡ್ಡಿದರು. ಕಪ್ಪು ಪರದೆಯ ಮೇಲೆ ಒಂದು ಸಾಲು ಮಾತ್ರ ಹಳದಿಯಾಗಿತ್ತು.

ಟಪಾಲಮ್ಮ: ಇದಕ್ಕೇನು ಕಾಮಾಲೆನಾ?

ಪ್ರೋಗ್ರಾಮರ್: ಎಚ್ಚರಿಕೆ ಅದು. ಈ ಪ್ಯಾಕೇಜನ್ನ ಈಗ ಯಾರೂ ನೋಡಿಕೊಳ್ತಿಲ್ಲ, ಕೈಬಿಟ್ಟಿದ್ದಾರೆ ಅಂತ.

ಟಪಾಲಮ್ಮ: ಏನು ಕೆಲಸ ಅದರದು?

ಪ್ರೋಗ್ರಾಮರ್: ಒಂದು ಉತ್ತರ ಹೌದೋ ಅಲ್ಲವೋ ಅಂತ ಹೇಳೋದು.

ಟಪಾಲಮ್ಮ: ಅಷ್ಟೇನಾ?

ಪ್ರೋಗ್ರಾಮರ್: ಅಷ್ಟೇ.

ಟಪಾಲಮ್ಮ: ಹೌದು, ಅಲ್ಲ ಅನ್ನೋಕೆ ಒಂದು ಆಳು. ಅದೂ ಮನೆಗೆ ಕಳಿಸಿರೋ ಆಳು. ಅದು ಬಂದು ಇಲ್ಲಿ ಕೂರಬಹುದು, ನಾನು ಮಾತ್ರ ಕೆಳಗೆ ಹೋಗಬೇಕು. ಚೆನ್ನಾಗಿದೆ ರೀ ನ್ಯಾಯ! ಇಷ್ಟೆಲ್ಲ ತರಿಸಿ ಮಾಡೋದಾದರೂ ಏನು?

ಪ್ರೋಗ್ರಾಮರ್: ಪರದೆ ಮೇಲೆ ಒಂದು ಚೌಕ ಬರುತ್ತೆ. ಅದರಲ್ಲಿ ನಾಲ್ಕು ಕಾಲಂ. ದಿನಾಂಕ, ಯಾರಿಂದ, ವಿಷಯ, ನಂಬರ್. ಅದಕ್ಕೋಸ್ಕರ ಪೂರ್ತಿ ಒಂದು ಬ್ರೌಸರೇ ಎಲೆಕ್ಟ್ರಾನಿನ ಒಳಗೆ ಬರುತ್ತೆ.

ಟಪಾಲಮ್ಮ: ನಾಲ್ಕು ಕಾಲಂ ಎಳೆಯೋಕೆ ನನಗೆ ಒಂದು ಸ್ಕೇಲು ಸಾಕು. ಅದೂ ಅಂಚು ಮುರಿದಿರೋದು. ಹೋಗಲಿ, ಮುಖ್ಯ ಕಾಗದ ಒಂದು, ಅಡಕ ಎಪ್ಪತ್ತೆರಡು ಅಂತ ಬರ್ಕೋತೀನಿ. ಅಡಕ ಅಂದ ಮೇಲೆ ಪಟ್ಟಿ ಬೇಕು. ಹೆಸರು, ನಂಬರ್ ಸಮೇತ ಓದಿ.

ಪ್ರೋಗ್ರಾಮರ್: ಅಯ್ಯೋ, ಆ ಪಟ್ಟಿಯನ್ನ ಅದೇ ಬರೆದಿಟ್ಟುಕೊಂಡಿರುತ್ತೆ ಮೇಡಂ! ಲಾಕ್ ಫೈಲ್ ಅಂತ. ನಾನು ಆ್ಯಪ್ ಬರೆದಾಗ ಯಾವುದರ ಎಷ್ಟನೇ ಆವೃತ್ತಿ ಬಂದಿತ್ತೋ ಎಲ್ಲ ಅದರಲ್ಲಿದೆ, ಇವತ್ತೂ ಅದನ್ನ ನೋಡಿಯೇ ತಂದದ್ದು.

ಟಪಾಲಮ್ಮ: ಅದರದು ಅದಕ್ಕೆ, ನನ್ನದು ನನಗೆ. ಓದಿ.

ವಾದ ಮಾಡುವುದಕ್ಕಿಂತ ಓದಿಬಿಡುವುದೇ ಬೇಗ ಮುಗಿಯುತ್ತದೆ ಎಂದುಕೊಂಡದ್ದು ಅವನ ತಪ್ಪು. ಟಪಾಲಮ್ಮನದು ದುಂಡು ಅಕ್ಷರ, ಅವಸರ ಕಂಡರೆ ಆಗದು. ಮೂವತ್ತೆಂಟನೆಯ ಅಡಕಕ್ಕೆ ಅವನ ಗಂಟಲು ಒಣಗಿತು. ಐವತ್ತಕ್ಕೆ ಪಕ್ಕದ ಮೇಜಿನವರೆಲ್ಲ ಊಟಕ್ಕೆ ಎದ್ದರು. ಎಪ್ಪತ್ತೆರಡು ಮುಗಿಯುವಾಗ ಅವರು ಕೈತೊಳೆದು ವಾಪಸ್ ಬಂದಿದ್ದರು. ಹಸಿದ ಹೊಟ್ಟೆಯಲ್ಲೇ ಅವನು ಆ್ಯಪ್ ತೆರೆದ. ಚೌಕವೇನೋ ಬಂತು, ಒಳಗೆ ಬರೀ ಬಿಳುಪು.

ಟಪಾಲಮ್ಮ: ಕಾಲಂ ಎಲ್ಲಿ?

ಪ್ರೋಗ್ರಾಮರ್: ಬರುತ್ತೆ ಬರುತ್ತೆ. ಎಲ್ಲ ಅಳಿಸಿ ಇನ್ನೊಂದು ಸಲ ಹಾಕಿದರೆ ಸರಿಹೋಗುತ್ತೆ.

ಟಪಾಲಮ್ಮ: ಬಂದದ್ದನ್ನೆಲ್ಲಾನೂ?

ಪ್ರೋಗ್ರಾಮರ್: ಎಲ್ಲಾನೂ. ಲಾಕ್ ಫೈಲೂ ಸೇರಿ. ನಮ್ಮ ಕಡೆ ಎಲ್ಲರೂ ಮಾಡೋದೇ ಹೀಗೆ.

ಮಾಡಿಯೇಬಿಟ್ಟ. ಒಂದು ಫೈಲನ್ನು ಬೇರೆ ಫೋಲ್ಡರಿನಲ್ಲಿ ಮರೆತದ್ದರಿಂದ ಚೌಕ ಖಾಲಿ ಬಂದಿತ್ತೆಂದು ಅವನಿಗೆ ಹೊಳೆದದ್ದು ಅಳಿಸಿ ಮುಗಿದ ಮೇಲೆ. ಅದನ್ನು ಸರಿಮಾಡಿದ, ಪ್ಯಾಕೇಜುಗಳನ್ನು ಮತ್ತೆ ತರಿಸಿದ. ಈ ಸಲ ಬಿಳಿ ಚೌಕವೂ ಬರಲಿಲ್ಲ. ಪರದೆ ತುಂಬ ಕೆಂಪು ಸಾಲುಗಳು.

ಟಪಾಲಮ್ಮ: ಇದು ಎಚ್ಚರಿಕೆಗಿಂತ ಜಾಸ್ತಿ ಅನ್ಸುತ್ತೆ.

ಪ್ರೋಗ್ರಾಮರ್: ಎಲ್ಲ ಹೊಸ ಆವೃತ್ತಿಗಳು ಬಂದುಬಿಟ್ಟಿವೆ ಮೇಡಂ. ನಾನು ಆ್ಯಪ್ ಬರೆದದ್ದು ಹಳೇದಕ್ಕೆ. ಹಳೇದರ ನಂಬರ್ ಗೊತ್ತಾದರೆ ಅದನ್ನೇ ಹೇಳಿ ತರಿಸಬಹುದು.

ಟಪಾಲಮ್ಮ: ನಂಬರ್ ಎಲ್ಲಿದೆ?

ಪ್ರೋಗ್ರಾಮರ್: ಲಾಕ್ ಫೈಲಲ್ಲಿ.

ಟಪಾಲಮ್ಮ: ಲಾಕ್ ಫೈಲ್ ಎಲ್ಲಿದೆ?

ಅವನ ಕಣ್ಣು ಮೆಲ್ಲಗೆ ರಿಜಿಸ್ಟರಿನ ಕಡೆ ಹೊರಳಿತು. ಟಪಾಲಮ್ಮ ಅದರ ಮೇಲೆ ಮೊಣಕೈ ಊರಿದರು. ಗಡಿಯಾರದಲ್ಲಿ ಮೂರೂ ಮುಕ್ಕಾಲು.

ಅವರಿಗೆ ಎಲ್ಲ ಅರ್ಥವಾಗಿತ್ತು. ಸುಳ್ಳು ಹೇಳಬೇಕಾಗಿಲ್ಲ, ಜಗಳವಾಡಬೇಕಾಗಿಲ್ಲ. ಇನ್ನು ಕಾಲು ಗಂಟೆ ಆ ಮೊಣಕೈ ಎತ್ತದಿದ್ದರೆ ಸಾಕು. ಮೇಜು ಉಳಿಯುತ್ತದೆ, ಬಾಗಿಲು ಉಳಿಯುತ್ತದೆ. ಅವರಿಗೆ ಹೇಳಲಾರದಷ್ಟು ಖುಷಿಯಾಯಿತು, ಹಿಂದೆಯೇ ನಾಚಿಕೆಯೂ ಆಯಿತು. ಇದ್ದ ನಂಬರನ್ನು ಇಲ್ಲವೆಂದು ಹೇಳಿ ಒಬ್ಬರನ್ನೂ ಅವರು ಈವರೆಗೆ ವಾಪಸ್ ಕಳಿಸಿದವರಲ್ಲ. ಅಲ್ಲದೆ ಈ ರಿಜಿಸ್ಟರನ್ನು ಯಾರಾದರೂ ಇಷ್ಟು ಆಸೆಯಿಂದ ನೋಡಿ ಎಷ್ಟು ಕಾಲವಾಗಿತ್ತು!

ಟಪಾಲಮ್ಮ: ಅರ್ಜಿ ಕೊಡಿ.

ಪ್ರೋಗ್ರಾಮರ್: ಮೇಡಂ, ಹದಿನೈದೇ ನಿಮಿಷ ಇರೋದು!

ಟಪಾಲಮ್ಮ: ಅದಕ್ಕೇ ಬೇಗ ಬರೀರಿ. ವಿಷಯ ಅನ್ನೋ ಕಡೆ ಖಾಲಿ ಬಿಡಬೇಡಿ.

ಅವನು ಬರೆದ. ಅವರು ಅದಕ್ಕೆ ಸೀಲು ಒತ್ತಿ, ನಂಬರ್ ಹಾಕಿ, ಶಾಯಿ ಆರಲು ಊದಿ, ಆಮೇಲೆ ಪುಟ ತಿರುವಿದರು.

ಟಪಾಲಮ್ಮ: ಬರ್ಕೊಳ್ಳಿ. ಎಲೆಕ್ಟ್ರಾನ್. ಇಪ್ಪತ್ತೆಂಟು, ಚುಕ್ಕಿ, ಒಂದು, ಚುಕ್ಕಿ, ನಾಲ್ಕು. ಅಡಕ ಒಂದು...

ಪ್ರೋಗ್ರಾಮರ್: ಮೊದಲ ಐದು ಸಾಕು ಮೇಡಂ.

ಟಪಾಲಮ್ಮ: ಎಪ್ಪತ್ತೆರಡು ಬರೆಸಿ ಐದು ಸಾಕು ಅಂತೀರಾ? ನನ್ನ ಬೆರಳು ಕೇಳಿ ನೋಡಿ!

ಸೂಪರಿಂಟೆಂಡೆಂಟರ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿಸುವಾಗ ಚೌಕ ತೆರೆಯಿತು. ಒಳಗೆ ನಾಲ್ಕು ಕಾಲಂ, ಕೊಂಚವೂ ಸೊಟ್ಟಗಿಲ್ಲದೆ. ಸೂಪರಿಂಟೆಂಡೆಂಟರು ಒಳಗೆ ಬಂದು ನಿಂತಲ್ಲೇ ಬಗ್ಗಿ ಎರಡು ಅಕ್ಷರ ಒತ್ತಿ ನೋಡಿದರು.

ಸೂಪರಿಂಟೆಂಡೆಂಟ್: ಭೇಷ್! ಬೆಳಗ್ಗೆಯಿಂದ ಸಲೀಸಾಗಿ ಆಯ್ತಲ್ವಾ?

ಪ್ರೋಗ್ರಾಮರ್: ಆಯ್ತು ಸಾರ್. ಅದು... ಮೇಡಂ ರಿಜಿಸ್ಟರ್ ಸ್ವಲ್ಪ ಸಹಾಯಕ್ಕೆ ಬಂತು.

ಸೂಪರಿಂಟೆಂಡೆಂಟ್: ಸಂತೋಷ. ಇನ್ನು ಮುಂದೆ ಅದು ಬೇಡ ತಾನೇ? ಹೊರಗಿನಿಂದ ಮತ್ತೇನೂ ತರಿಸಬೇಕಾಗಿಲ್ಲವಲ್ಲ?

ಟಪಾಲಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ಪ್ರೋಗ್ರಾಮರ್ ಅವರ ಮುಖ ನೋಡಲಾರದೆ ತಲೆ ತಗ್ಗಿಸಿದ. ಅವನಿಗೂ ಇವತ್ತೇ ಒಪ್ಪಿಗೆ ಬೇಕಿತ್ತು.

ಪ್ರೋಗ್ರಾಮರ್: ಇಲ್ಲ ಸಾರ್. ಇನ್ನೇನೂ ಬರೋಲ್ಲ.

ಸೂಪರಿಂಟೆಂಡೆಂಟ್: ಮತ್ತೆ ಆ ಹಿಂದುಗಡೆ ಕಪ್ಪು ಪರದೇಲಿ ಏನದು? 'ಹೊಸ ಆವೃತ್ತಿ ಬಂದಿದೆ' ಅಂತ ಇದೆ?

ಪ್ರೋಗ್ರಾಮರ್: ಅದು ಎನ್‌ಪಿಎಂದು ಸಾರ್. ಅದರದ್ದೇ ಹೊಸದು ಬಂದಿದೆಯಂತೆ. ಹಾಗೆ... ಆಗಾಗ ಬರ್ತಿರುತ್ತೆ.

ಸೂಪರಿಂಟೆಂಡೆಂಟ್: ಹಾಕಿಕೊಂಡರೆ ಈ ಚೌಕಕ್ಕೆ ಏನೂ ಆಗೋಲ್ಲ ತಾನೇ?

ಪ್ರೋಗ್ರಾಮರ್ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಟಪಾಲಮ್ಮ ಪೆನ್ನಿನ ಮುಚ್ಚಳ ತೆಗೆದರು.

ಟಪಾಲಮ್ಮ: ಅದೂ ಟಪಾಲೇ ಸಾರ್. ನಂಬರ್ ಹಾಕದೆ ಒಳಗೆ ಬಿಟ್ಟುಬಿಡಲಾ?

ಸೂಪರಿಂಟೆಂಡೆಂಟ್: (ಕಂಪ್ಯೂಟರಿನಿಂದ ಒಂದು ಹೆಜ್ಜೆ ಹಿಂದೆ ಸರಿದು) ಬೇಡ ಬೇಡ. ಹಾಕಿ.

ಟಪಾಲಮ್ಮ: ಸೋಮವಾರ ಬಂದದ್ದಕ್ಕೆ?

ಸೂಪರಿಂಟೆಂಡೆಂಟ್: ಅದಕ್ಕೂ ಹಾಕಿ. ನೀವು ಇಲ್ಲೇ ಇದ್ದುಕೊಂಡು ಎಲ್ಲದಕ್ಕೂ ಹಾಕಿ.

ಟಪಾಲಮ್ಮ: ಹಾಗಂತ ಬರೆದುಕೊಡಿ ಸಾರ್. ಮೊದಲು ಅದಕ್ಕೊಂದು ನಂಬರ್ ಹಾಕ್ತೀನಿ.