ಅಮಾಸಿ ದಿನ ಬಿಲ್ಡ್ ಬಂದ್

ಕಂಪ್ಯೂಟರ್ ಕೆಲಸದಾಗ ನಗೂವಂಥಾದ್ದು ಏನಿರತೈತಿ ಅಂತ ನಮ್ಮ ಅತ್ತಿಯವರು ಕೇಳತಿರತಾರ. ಆಗೂ ಹೊತ್ತಿನಾಗ ಏನೂ ಇರಂಗಿಲ್ಲ. ಎದಿ ಢವಢವ ಅಂತಿರತೈತಿ, ಯಾರನ್ನ ಬೈಬೇಕು ಅನ್ನೂದ ತಿಳಿಯಂಗಿಲ್ಲ. ನಗಿ ಬರೂದು ಎಲ್ಲಾ ಮುಗದು ಚಾ ಕುಡಿಯೂ ಮುಂದ. ನನಗಂತೂ ಸಿಟ್ಟು ಮೂಗಿನ ತುದಿ ಮ್ಯಾಲ, ಹಿಂಗಾಗಿ ಚಾ ಆರಿದ ಮ್ಯಾಲ ನಗತೇನಿ.

ನಮ್ಮ ಆಫೀಸು ಅಂದ್ರ ಬಾಗಲಕೋಟಿ ನವನಗರದಾಗ ಒಂದು ಮನಿ ಮಾಳಗಿ ಮ್ಯಾಲಿನ ಎರಡು ಖೋಲಿ. ಇರವರು ಇಬ್ಬರ, ನಮ್ಮ ಸರ್ ಮತ್ತ ನಾನು. ಮಾಡಿದ್ದು ಒಂದ ಪ್ರೋಗ್ರಾಂ. ಸೀರಿ ದಡಿಯ ಚಿತ್ರ ಕೊಟ್ಟರ, ಮಗ್ಗಕ್ಕ ಹಾಕೂ ರಟ್ಟಿನ ಕಾರ್ಡಿನಾಗ ಎಲ್ಲೆಲ್ಲಿ ತೂತು ಹೊಡೀಬೇಕು ಅಂತ ಅದು ಲೆಕ್ಕಾ ಹಾಕಿ ಕೊಡತೈತಿ. ಅದಕ್ಕ ಒತ್ತೂ ಗುಂಡಿ ಇಲ್ಲ, ಬಣ್ಣ ಇಲ್ಲ. ಕರೇ ಪರದೆ ಮ್ಯಾಲ ಒಂದು ಸಾಲು ಟೈಪ್ ಮಾಡಿದ್ರ ನಡೀತೈತಿ, ಅಷ್ಟ.

ಅದನ್ನ ಬಳಸವರೊಳಗ ಇಬ್ಬರು ದೊಡ್ಡವರು. ಇಳಕಲ್ಲಿನಾಗ ನಾಕು ಮಗ್ಗ, ಒಂದು ಕಾರ್ಡ್ ಹೊಡಿಯೂ ಮಷೀನ್ ಇಟ್ಟ ಅಕ್ಕಾರು. ಅವರ ಕಂಪ್ಯೂಟರ್ ವಿಂಡೋಸ್, ಅದೂ ಮುತ್ಯಾನ ಕಾಲದ್ದು. ಬಾದಾಮಿಯಾಗ ದಡಿ ಚಿತ್ರ ತೆಗಿಯೂ ರಿಟೈರ್ಡ್ ಡ್ರಾಯಿಂಗ್ ಮಾಸ್ತರು. ಅವರದು ಯಾರೋ ಬಳಸಿ ಬಿಟ್ಟ ಮ್ಯಾಕ್. ನಮ್ಮಲ್ಲಿ ಲಿನಕ್ಸ್. ಪ್ರೋಗ್ರಾಂ ಒಂದ ಆದರೂ ಮೂರಕ್ಕೂ ಬ್ಯಾರೆ ಬ್ಯಾರೆ ತಯಾರ್ ಮಾಡಬೇಕು. ಹಿಟ್ಟು ಒಂದ, ಒಬ್ಬರಿಗೆ ರೊಟ್ಟಿ, ಒಬ್ಬರಿಗೆ ಚಪಾತಿ, ಒಬ್ಬರಿಗೆ ಪೂರಿ. ಆ ಅಡಗಿಗೆ ನಮ್ಮವರು ಬಿಲ್ಡ್ ಅಂತಾರ.

೧. ಡಬ್ಬಿ ಅದಲಬದಲ

ಮೊದಲ ಈ ಅಡಗಿ ಎಲ್ಲಾ ನನ್ನ ಕೈಲೆ ಆಗತಿತ್ತು. ಮೂರು ಕಂಪ್ಯೂಟರ್ ಮುಂದ ಮೂರು ಸಲ ಕುಂದರೂದು, ಪೆನ್ ಡ್ರೈವಿಗೆ ಹಾಕೂದು, ಬಸ್ ಸ್ಟ್ಯಾಂಡಿಗೆ ಓಡೂದು, ಇಳಕಲ್ ಬಸ್ಸಿನ ಕಂಡಕ್ಟರ್ ಕಡೆ ಒಂದು, ಬಾದಾಮಿ ಬಸ್ಸಿನವರ ಕಡೆ ಒಂದು ಕೊಟ್ಟು ಬರೂದು.

ಅಂಥಾದ್ರಾಗ ಅಕ್ಕಾರ ಮಗಳ ಮದುವಿ ಗೊತ್ತಾತು. ಅಕ್ಕಾರ ಅವ್ವನ ಒಂದು ಹಳೇ ಸೀರಿ ಇತ್ತು, ಜೀರ್ಣ ಆಗಿ ಮುಟ್ಟಿದ್ರ ಹರಿಯೂ ಹಂಗ ಆಗಿತ್ತು. ಅದರ ದಡಿ ಈಗ ಯಾರೂ ನೇಯಂಗಿಲ್ಲ. ಆ ದಡಿನ ಮೊಮ್ಮಗಳ ಮದುವಿ ಸೀರಿಗೆ ಬರಬೇಕು ಅಂತ ಅಕ್ಕಾರ ಹಟ. ಮಾಸ್ತರು ಭೂತಗನ್ನಡಿ ಹಿಡಕೊಂಡು ನೋಡಿ ಚಿತ್ರ ತಗದ್ರು. ಇನ್ನ ಆ ದಡಿಗೆ ಹೊಂದೂ ಹಂಗ ತಿದ್ದಿದ ನಮ್ಮ ಪ್ರೋಗ್ರಾಂ ತನ್ನ ಕೆಲಸ ಮಾಡಬೇಕಿತ್ತು. ಮಾಡಲಿಲ್ಲ. ಗಡಿಬಿಡಿಯಾಗ ಮ್ಯಾಕಿಂದು ಇಳಕಲ್ಲಿಗೆ ಹೋಗಿತ್ತು, ವಿಂಡೋಸಿಂದು ಬಾದಾಮಿಗೆ.

ಅಕ್ಕಾರ ಫೋನ್ ಬಂತು. "ಬಾಯಾರ, ನಮ್ಮ ಮಷೀನು ಇದು ನನ್ನ ಊಟ ಅಲ್ಲ ಅಂತೈತಿ. ನಿಮ್ಮ ಮನ್ಯಾಗೂ ಡಬ್ಬಿ ಹಿಂಗ ಕಟ್ಟತೀರೇನು?"

ಹಂಗೇನಿಲ್ರಿ ಅಂದು ಫೋನ್ ಇಟ್ಟೆ. ಇಟ್ಟ ಕೂಡ್ಲೆ ನನ್ನ ಗಂಡನ ಫೋನ್ ಬಂತು. ಬ್ಯಾಂಕಿನಾಗ ಎಲ್ಲಾರ ಮುಂದ ಡಬ್ಬಿ ತಗದಾರ, ಒಳಗ ಮಗನ ಬಿಸ್ಕೀಟು, ಮ್ಯಾಲೊಂದು ಕಾರ್ಟೂನ್ ಚಮಚ.

೨. ಅತ್ತಿಯವರ ಅಮಾಸಿ

ಆವತ್ತ ನಾ ಸರ್ ಮುಂದ ಕುಂತು ಕಡ್ಡಿ ಮುರದಂಗ ಹೇಳಿದೆ. ಇನ್ನ ಮ್ಯಾಲ ಕೈಲೆ ಮಾಡಂಗಿಲ್ಲ. ದೂರದಾಗ ಬಾಡಿಗಿಗೆ ಕಂಪ್ಯೂಟರ್ ಸಿಗತಾವು, ನಾವು ಇಲ್ಲಿ ಪ್ರೋಗ್ರಾಂ ತಿದ್ದಿದ ಕೂಡ್ಲೆ ಮೂರೂ ಬಿಲ್ಡ್ ಅಲ್ಲಿ ತಾವ ಆಗತಾವು, ತಾವ ಪರೀಕ್ಷಾ ಮಾಡಿಕೊಂಡು ಇಳಕಲ್ಲಿಗೆ ಬಾದಾಮಿಗೆ ತಾವ ಹೋಗತಾವು. ನಡಕ ಮನಷಾರ ಕೈ ಇಲ್ಲ.

ಸರ್ ಎಲ್ಲಾ ಕೇಳಿ, ಅದಕ್ಕ ಅಮಾಸಿ ಗೊತ್ತಾಗತೈತೇನು ಅಂದ್ರು. ಹಿಂದೊಮ್ಮೆ ಅಮಾಸಿ ದಿನ ಪ್ರೋಗ್ರಾಂ ಕಳಿಸಿದ್ದಕ್ಕ ಅಕ್ಕಾರು ಫೋನ್ ಮಾಡಿ, ಇವತ್ತು ಅಮಾಸಿ ಐತಿ ಗೊತ್ತಿಲ್ಲೇನ್ರಿ ನಿಮಗ ಅಂತ ಬೈದಿದ್ರಂತ. ಅಮಾಸಿಗೆ ಇಳಕಲ್ಲಿನಾಗ ಮಗ್ಗ ನಿಲ್ಲತಾವು, ಪೂಜಾ ಆಗತೈತಿ. ಅಂಥಾ ದಿನ ಹೊಸಾದ್ದು ಕಳಿಸಿ ಮತ್ತೊಮ್ಮೆ ಬೈಸಿಕೊಳ್ಳಾಕ ಸರ್ ತಯಾರಿಲ್ಲ. ಅಮಾಸಿ ದಿನ ಬಿಲ್ಡ್ ಬಂದ್ ಇರಬೇಕು, ಅಡಚಣಿ ಬಂದ್ರ ತಾವು ತಮ್ಮ ಮೊಬೈಲಿನಾಗ ಹೂಂ ಅಂದ್ರ ಅಷ್ಟ ನಡೀಬೇಕು.

ನನಗ ನಗಿ ಬಂತು, ಆದರೂ ಬರದೆ. ಅಮಾಸಿ ಯಾವ್ಯಾವ ದಿನ ಬರತಾವ ಅಂತ ಮನ್ಯಾಗ ಅತ್ತಿಯವರನ್ನ ಕೇಳಿದೆ. ಅವರು ಕನ್ನಡಕ ಹಾಕ್ಕೊಂಡು ಗೋಡಿ ಕ್ಯಾಲೆಂಡರ್ ಮುಂದ ನಿಂತು ಒಂದೊಂದ ಹೇಳಿದ್ರು, ನಾ ಒಂದೊಂದ ಟೈಪ್ ಮಾಡಿದೆ. ಆಮ್ಯಾಲೆ ಪರೀಕ್ಷಾ ಮಾಡಿದ್ರ ನಾ ಬರದದ್ದರಾಗ ಸಾಲು ಸಾಲು ತಪ್ಪು. ಒಂದೂ ತಪ್ಪಿಲ್ಲದ ಭಾಗ ಅಂದ್ರ ಅತ್ತಿಯವರದು. ಅವರಿಗೆ ಹೇಳಿದೆ. "ಮತ್ತ ಉಳದದ್ದೂ ನನ್ನ ಕೇಳಬಾರದಾ?" ಅಂದ್ರು.

೩. ಪರಿಚಯ ಇಲ್ಲದವರು

ತಾನ ಆಗೂ ಬಿಲ್ಡ್ ಸುರುವಾತು. ಹಳೇ ವಿಂಡೋಸ್ ಮಷೀನ್ ಇನ್ಯಾಕ ಅಂತ ಧಿಮಾಕಿಲೆ ಗುಜರಿಗೆ ಕೊಟ್ಟೆ. ಮೊದಲನೇ ದಿನ ಮೂರೂ ಹಸರ ಬಣ್ಣದಾಗ ಪಾಸ್ ಅಂತ ಬಂದ್ವು, ನಾ ಕುರ್ಚಿ ಮ್ಯಾಲ ಹಿಂದಕ್ಕ ಒರಗಿದೆ. ಅಷ್ಟರಾಗ ಮಾಸ್ತರ ಫೋನ್.

ಮದುವಿ ದಡಿ ಚಿತ್ರ ಆವತ್ತ ಅವರು ಒಮ್ಮೆ ಪರೀಕ್ಷಾ ಮಾಡಿ ಇಳಕಲ್ಲಿಗೆ ಕಳಿಸಬೇಕು, ಅಕ್ಕಾರು ಮೂರು ಸಲ ಕೇಳಿ ಆಗೇತಿ. ಮ್ಯಾಕ್ ನೋಡಿದ್ರ ನಮ್ಮ ಪ್ರೋಗ್ರಾಂ ತೆರಿಯವಲ್ದು. ಇದನ್ನ ಮಾಡಿದವರು ಯಾರು ಅಂತ ತನಗ ಪರಿಚಯ ಇಲ್ಲ ಅಂತೈತಿ. ಪೆನ್ ಡ್ರೈವಿನಾಗ ಹೋದಾಗ ಅದು ಕೇಳತಿರಲಿಲ್ಲ, ಹೊಸಬರು ಮಾಡಿದ್ದು ಇಂಟರ್ನೆಟ್ಟಿನ ಮ್ಯಾಲ ಬಂದ್ರ ಹಂಗ ಅನ್ನೂದ, ನಾವು ಮೊದಲ ಅದರ ಕಂಪನಿ ಕಡೆ ಹೆಸರು ಹಚ್ಚಬೇಕಿತ್ತು. ನನಗ ನನ್ನ ಮ್ಯಾಲ ಸಿಟ್ಟು. ಮಾಸ್ತರಿಗೆ ಮಾತ್ರ ಬ್ಯಾರೆ ಸಿಟ್ಟು.

"ನಿಮ್ಮಪ್ಪ ನಮ್ಮ ಸಾಲಿ ಹೆಡ್‌ಮಾಸ್ತರ್ ಇದ್ರು. ನಿನಗ ಹೆಸರಿಡೂ ಬಾರಸಕ್ಕ ಬಂದು ಉಂಡೇನಿ. ಇದ್ಯಾವುದವಾ ನನ್ನ ಮುಂದ ನಿನ್ನ ಪರಿಚಯ ಇಲ್ಲ ಅನ್ನೂದು? ಎಲ್ಲಿ ಬರೀಬೇಕು ಹೇಳು, ನಾ ಜಾಮೀನು ಆಗತೇನಿ."

ಫೋನಿನಾಗ ಒಂದೊಂದ ಹಂತ ಹೇಳಿ, ಸೆಟ್ಟಿಂಗಿನಾಗ ಹೋಗಿ, ಆದರೂ ತೆರಿ ಅನ್ನೂದನ್ನ ಅವರ ಕಡಿಂದ ಒತ್ತಿಸಿದೆ. ತೆರೀತು. ಚಿತ್ರ ಇಳಕಲ್ಲಿಗೆ ಹೋತು. ಈಗಲೂ ಬಾದಾಮಿಯಾಗ ಯಾರರೆ ನನ್ನ ವಿಚಾರಿಸಿದ್ರ ಮಾಸ್ತರು ಹೇಳತಾರ, ಆ ಹುಡುಗಿಗೆ ನಾ ಜಾಮೀನು ನಿಂತೇನಿ, ನಿಂದ್ರಲಿಲ್ಲಂದ್ರ ಕಂಪ್ಯೂಟರ್ ಒಳಗ ಬಿಡತಿರಲಿಲ್ಲ ಅಂತ.

೪. ಇದನ್ನ ಮುಟ್ಟಬ್ಯಾಡ್ರಿ

ಮದುವಿ ಹತ್ರ ಬಂತು. ಚಿತ್ರ ಮುಟ್ಟಿತು, ಪ್ರೋಗ್ರಾಂ ಮುಟ್ಟಿತು, ಆದರ ಇಳಕಲ್ಲಿನಾಗ ಅದು ನಡೀವಲ್ದು. ಲಿನಕ್ಸಿನಾಗ ನಡೀತೈತಿ, ಮ್ಯಾಕಿನಾಗ ನಡೀತೈತಿ, ಅಕ್ಕಾರಲ್ಲಿ ಮಾತ್ರ ಫೈಲ್ ಕಾಣವಲ್ದು ಅಂತ ನಿಲ್ಲತೈತಿ. ಎರಡು ದಿನ ತಲಿ ಕೆಟ್ಟು ಮೊಸರಾತು. ಕಡೀಕ ಅವರ ಕಂಪ್ಯೂಟರಿನ ಫೋಟೋ ತರಿಸಿಕೊಂಡು ನೋಡಿದೆ. ಫೋಲ್ಡರಿನ ಹೆಸರು "ಮಗಳ ಮದುವಿ ದಡಿ". ಅದರೊಳಗ "ಖರೇದ್ದು". ಅದರೊಳಗ "ಇದ ಖರೇದ್ದು". ಅದರೊಳಗ "ಇದನ್ನ ಮುಟ್ಟಬ್ಯಾಡ್ರಿ".

ಅಕ್ಕಾರ ಹಳೇ ವಿಂಡೋಸಿನಾಗ ನಮ್ಮ ಹೊಸಾ ಬಿಲ್ಡಿಗೆ ಕನ್ನಡ ಹೆಸರು ಓದಾಕ ಬರತಿರಲಿಲ್ಲ. ಹೆಸರು ಇಂಗ್ಲಿಷಿನಾಗ ಬರದು ನೋಡ್ರಿ ಅಂದೆ. ಅಕ್ಕಾರಿಗೆ ಮನಸ್ಸಿರಲಿಲ್ಲ, ಒಮ್ಮೆ ಅವರ ಯಜಮಾನರು ಜಾಗಾ ಸಾಲವಲ್ದು ಅಂತ ಅರ್ಧಾ ಚಿತ್ರ ಅಳಿಸಿದ್ರಂತ. ಆದರೂ ಬದಲಿಸಿದ್ರು. ಅಷ್ಟು ಮಾಡಿದರೂ ಆಗಲಿಲ್ಲ, ಪ್ರೋಗ್ರಾಂ ತನ್ನ ಲೆಕ್ಕಾ ಬರಕೊಳ್ಳೂ ಫೋಲ್ಡರಿನ ಹೆಸರೂ ಕನ್ನಡದಾಗ ಇತ್ತು, ಅದನ್ನ ಬದಲಿಸಾಕ ಬರಂಗಿಲ್ಲ. ಪ್ರೋಗ್ರಾಮನ್ನ ತಿದ್ದಬೇಕು, ಬ್ಯಾರೆ ದಾರಿ ಇಲ್ಲ.

ತಿದ್ದಾಕ ಕುಂತೆ. ಮತ್ತೊಮ್ಮೆ ಹಿಂಗ ಆಗಬಾರದು ಅಂತ ಅಕ್ಕಾರ ಫೋಲ್ಡರಿನ ಹೆಸರನ್ನ ಇದ್ದಂಗ ಪರೀಕ್ಷಾದಾಗ ಸೇರಿಸಿದೆ. ಸರ್ ಚಾ ತಗೊಂಡು ಬಂದವರು ಏನಾತವಾ ಅಂತ ಕೀಬೋರ್ಡಿಗೆ ಕೈ ಹಾಕಿದ್ರು. ಅದ ಹೊತ್ತಿಗೆ ಪರದೆ ಮ್ಯಾಲ ದೊಡ್ಡದಾಗಿ "ಇದನ್ನ ಮುಟ್ಟಬ್ಯಾಡ್ರಿ" ಅಂತ ಬಂತು. ಅವರು ಕೈ ಹಿಂದಕ್ಕ ತಗೊಂಡು, ಚಾ ಅಲ್ಲೇ ಇಟ್ಟು, ಆವತ್ತ ಸಂಜಿತನಕ ನನ್ನ ಖೋಲಿಗೆ ಬರಲಿಲ್ಲ.

೫. ಬೀಗ ನಂದು, ಕೀಲಿ ಸರ್ ಕಡೆ

ತಿದ್ದಿ ಮುಗಿಯೂದರಾಗ ಮುಂಜಾನೆ ಆತು. ಅಕ್ಕಾರು ಫೋನಿನ ಮ್ಯಾಲ ಫೋನು. ಇವತ್ತ ಕಾರ್ಡ್ ಬರಬೇಕು, ನಾಳೆ ನೇಕಾರ ಮಗ್ಗಕ್ಕ ಕುಂದರಬೇಕು, ಇಲ್ಲಂದ್ರ ಮದುವಿಗೆ ಸೀರಿ ಮುಟ್ಟಂಗಿಲ್ಲ. ಆತ್ರಿ, ಈಗ ಬರತೈತಿ ಅಂತ ಹೇಳಿ ಬಿಲ್ಡಿಗೆ ಬಿಟ್ಟೆ. ಪರದೆ ಮ್ಯಾಲ ನಾನ ಬರದ ಸಾಲು ಬಂತು: "ಇವತ್ತು ಅಮಾಸಿ. ನಾಳೆ ನೋಡೋಣ."

ಅಮಾಸಿ ಅಂತ ಬೈದ ಅಕ್ಕಾರು ತಾವ ಅಮಾಸಿ ದಿನ ಕೇಳಾಕತ್ತಾರಂದ್ರ ಆ ತಾಯಿ ಎಷ್ಟು ಕಂಗಾಲಾಗಿರಬೇಕು ಅಂತ ಕಣ್ಣಾಗ ನೀರು ಬಂತು. ಕೈಲೆ ಮಾಡೋಣಂದ್ರ ವಿಂಡೋಸ್ ಮಷೀನ್ ಗುಜರಿಯಾಗ. ಆ ಸಾಲು ತಗೀಬೇಕಂದ್ರೂ ಸರ್ ಹೂಂ ಅನ್ನಬೇಕು. ಸರ್ ಪ್ರತಿ ಅಮಾಸಿಗೆ ಬಾದಾಮಿ ಹತ್ರದ ಶಿವಯೋಗ ಮಂದಿರಕ್ಕ ಹೋಗತಾರ, ಹೋದಾಗ ಫೋನ್ ಬಂದ್ ಮಾಡಿ ಗಾಡಿಯಾಗ ಇಡತಾರ.

ಮಾಸ್ತರಿಗೆ ಫೋನ್ ಮಾಡಿ ಬಾದಾಮಿ ಬಸ್ ಹತ್ತಿದೆ. ಸ್ಟ್ಯಾಂಡಿನಾಗ ಮಾಸ್ತರು ಬೈಕ್ ಹಚ್ಚಿಕೊಂಡು ನಿಂತಿದ್ರು. ಹಿಂದ ಕುಂತೆ. ಮಾಸ್ತರು ಗಾಡಿ ಹೊಡಿಯೂದು ಚಿತ್ರ ತೆಗದಂಗ, ಒಂದು ಗೆರಿ ತಪ್ಪಂಗಿಲ್ಲ, ಎಮ್ಮಿಗೂ ದಾರಿ ಬಿಡತಾರ. ನಡಕ ಒಮ್ಮೆ ನಿಂತು ಕಬ್ಬಿನ ಹಾಲು ಕುಡಿಯೋಣೇನು ಅಂದ್ರು. ನಾ ಏನಂದೆ ಅಂತ ಇಲ್ಲಿ ಬರಿಯೂದು ಬ್ಯಾಡ.

ಸರ್ ಊಟದ ಪಂಕ್ತಿಯಾಗ ಸೌಟು ಹಿಡಕೊಂಡು ಸಾರು ನೀಡತಿದ್ರು. ನನ್ನ ನೋಡಿ, ಬಾ ತಂಗಿ, ತಾಟು ತಗೋ ಅಂದ್ರು. ಕೈ ಹಿಡಕೊಂಡು ಹೊರಗ ಎಳಕೊಂಡು ಬಂದೆ, ಎಲ್ಲಾ ಹೇಳಿದೆ. ಅವರು ಒಪ್ಪಲಿಲ್ಲ. ಗಾಬರಿಯಾಗ ಅಕ್ಕಾರು ಇವತ್ತ ಕೇಳತಾರ, ನಾಳೆ ಮಗಳ ಸೀರಿಗೆ ಏನರೆ ಆದ್ರ ಅಮಾಸಿ ದಿನ ಕಳಿಸಿದ್ರಿ ಅಂತ ಜೀವಮಾನ ಅಂತಾರ, ಬ್ಯಾಡ. ಬೇಕಾದ್ರ ಅವರನ್ನ ಕೇಳೋಣ ಅಂತ ಗಾಡಿಯಾಗಿನ ಫೋನ್ ತಗದು ಅಕ್ಕಾರಿಗೆ ಹಚ್ಚಿದ್ರು. ಇವತ್ತು ಅಮಾಸಿ ಐತಲ್ರಿ ಅಕ್ಕಾರ, ನಡೀತೈತೇನ್ರಿ ಅಂದ್ರು.

"ಅಮಾಸಿ ಮಗ್ಗಕ್ಕ ಐತ್ರಿ ಸರ್, ಕಂಪ್ಯೂಟರಿಗೆ ಯಾರು ಹೇಳ್ಯಾರ?" ಅಂದ್ರು ಅಕ್ಕಾರು. "ತಿಂಗಳಿಗೊಂದ ದಿನ ಮಗ್ಗ ನಿಲ್ಲತಾವು. ಹೊಸಾ ಕಾರ್ಡ್ ಹಾಕೂದ ಆವತ್ತ. ಸಂಜಿಕ ಪೂಜಾ."

ಹಂಗಾದ್ರ ಆವತ್ತ ಯಾಕ ಬೈದಿರಿ ಅಂತ ಸರ್ ಸಣ್ಣ ದನಿಯಾಗ ಕೇಳಿದ್ರು.

"ಬೈಲಾರದ ಇನ್ನೇನು? ದೀಪ ಹಚ್ಚೂ ಹೊತ್ತಿಗೆ ಕಳಿಸಿದ್ರಿ. ಅಮಾಸಿ ಐತಿ ಗೊತ್ತಿಲ್ಲೇನು, ಮುಂಜಾನೆನ ಕಳಿಸಬಾರದಾ ಅಂತ ಬೈದೆ. ಆಮ್ಯಾಲ ನೀವು ಅಮಾಸಿಗೆ ಒಮ್ಮೆನೂ ಕಳಿಸಲಿಲ್ಲ. ಭಾಳ ಮಡಿವಂತರು ಅಂತ ನಾವೂ ಸುಮ್ಮನಿದ್ವಿ."

ಸರ್ ಹೂಂ ಒತ್ತಿದ್ರು. ಮೂರೂ ಬಿಲ್ಡ್ ಪಾಸ್ ಆಗೂತನಕ ಮೂವರೂ ಮಂದಿರದ ಪಕ್ಕದ ಹೊಳಿ ದಂಡಿಗೆ ಮೊಬೈಲ್ ನೋಡಕೋತ ನಿಂತಿದ್ವಿ. ಇಳಕಲ್ಲಿನಿಂದ, ತೂತು ಬೀಳಾಕತ್ತಾವ್ರಿ ಅಂತ ಸುದ್ದಿ ಬಂದಾಗ ನಾ ಅಲ್ಲೇ ಹೊಳಿಗೆ ಇಳಿಯೂ ಪಾವಟಿಗಿ ಮ್ಯಾಲ ಕುಂತುಬಿಟ್ಟೆ. ಸರ್ ನನ್ನ ಹತ್ರ ಬಂದು ಮೆಲ್ಲಕ ಅಂದ್ರು, "ಈ ಮಾತು ಆಫೀಸಿನಾಗ ಯಾರಿಗೂ ಗೊತ್ತಾಗೂದು ಬ್ಯಾಡ."

ಆಫೀಸಿನಾಗ ಇರವರು ನಾವಿಬ್ಬರ.

೬. ಹುನಗುಂದದ ಬೀಗರು

ಸೀರಿ ಮದುವಿಗೆ ಮುಟ್ಟಿತು. ಹುಡುಗಿ ಅದನ್ನ ಉಟ್ಟು ಬಂದಾಗ ಅಕ್ಕಾರು ದಡಿ ಮುಟ್ಟಿ ನೋಡಿ, ನಮ್ಮವ್ವ ಬಂದಂಗಾತು ಅಂತ ಅತ್ತರು. ನಾನೂ ಅತ್ತೆ. ಮಾಸ್ತರು ಮಾತ್ರ ಬಗ್ಗಿ, ದಡಿಯಾಗಿನ ಗಿಳಿ ಮೂಗು ಒಂದೆಳಿ ಹೆಚ್ಚಾತು ಅಂದ್ರು.

ಹುಡುಗನ ಅಪ್ಪ ಹುನಗುಂದದವರು, ಅವರವೂ ಆರು ಮಗ್ಗ. ಅಕ್ಕಾರು ನಮ್ಮ ಪರಿಚಯ ಮಾಡಿಸಿದ್ರು. ಇವರು ಭಾಳ ಮಡಿವಂತರ್ರಿ, ಅಮಾಸಿ ದಿನ ಕಂಪ್ಯೂಟರೂ ಮುಟ್ಟತಿರಲಿಲ್ಲ ಅಂತ ನಕ್ಕೋತ ಹೇಳಿದ್ರು. ಬೀಗರು ನಗಲಿಲ್ಲ. ಎದ್ದು ಬಂದು ಸರ್ ಕೈ ಹಿಡಕೊಂಡ್ರು. ಅವರ ಮನ್ಯಾಗ ಅಮಾಸಿಗೆ ಕಾರ್ಡ್ ಅಲ್ಲ, ಕತ್ರಿನೂ ಮುಟ್ಟಂಗಿಲ್ಲಂತ. ಇಂಥವರನ್ನ ಹುಡಕತಿದ್ವಿ, ನಮ್ಮ ಮಗ್ಗಕ್ಕೂ ನೀವ ಪ್ರೋಗ್ರಾಂ ಕೊಡ್ರಿ, ಆದರ ಆ ಅಮಾಸಿ ನೇಮ ಮಾತ್ರ ತಪ್ಪಬಾರದು ಅಂದ್ರು. ಸರ್ ನನ್ನ ಕಡೆ ನೋಡಿದ್ರು. ಆ ಸಾಲು ನಾ ಹಿಂದಿನ ದಿನ ಅಷ್ಟ ತಗದು ಹಾಕಿದ್ದೆ.

ಹಿಂಗಾಗಿ ಈಗ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರದ್ದೂ ಜಗಳ ಮುಗದೈತಿ, ಇಳಕಲ್ಲಿಗೂ ಹುನಗುಂದಕ್ಕೂ ಹತ್ತೇತಿ. ಇಳಕಲ್ಲಿಗೆ ಅಮಾಸಿ ದಿನ ಮುಂಜಾನೆನ ಹೋಗಬೇಕು, ಹುನಗುಂದಕ್ಕ ಆವತ್ತ ಹೋಗಬಾರದು. ಮುಂದಿನ ವರ್ಷದ ಅಮಾಸಿ ಕೇಳಾಕ ಅತ್ತಿಯವರ ಕಡೆ ಹೋದಾಗ ಈ ಕತಿ ಹೇಳಿ, ನನ್ನ ತಲಿ ಒಡದು ಹೋಗೇತ್ರಿ, ಒಂದ ಪ್ರೋಗ್ರಾಂ ಇಬ್ಬರಿಗೂ ಹೆಂಗ ಹೊಂದಿಕೊಂಡು ಹೋಗಬೇಕು ಅಂದೆ.

ಅತ್ತಿಯವರು ಕನ್ನಡಕ ಒರಸಕೋತ ಅಂದ್ರು, "ಅಕ್ಕಾರ ಮಗಳನ್ನ ಕೇಳು. ಆಕಿ ಇಳಕಲ್ಲಿನಾಗ ಬೆಳದು ಹುನಗುಂದಕ್ಕ ಹೋಗ್ಯಾಳ. ಮುಂದಿನ ಅಮಾಸಿಯೊಳಗ ಕಲೀತಾಳ, ಆಕೀಗೇನು ಯಾರೂ ಪ್ರೋಗ್ರಾಂ ಬರದು ಕೊಡಂಗಿಲ್ಲ."