ಮಸಾಲೆ ಡಬ್ಬಿ ಮತ್ತು ಮುಗಿಯದ ರೈಲು

"ಯಾರೂ ಮಾತಾಡಬೇಡಿ! ಉಸಿರು ಬೇಕಾದ್ರೆ ಬಿಡಿ, ಆದ್ರೆ ಮೆಲ್ಲಗೆ!" ಎಂದು ರೇಣುಕಾಪ್ರಸಾದ ಎರಡೂ ಕೈ ಮೇಲೆತ್ತಿದ.

ನಾರ್ವೆ ದೇಶದ ಬರ್ಗನ್ ಊರು, ನಾಲ್ಕನೇ ಮಹಡಿಯ ಮನೆ, ಭಾನುವಾರದ ಸಂಜೆ. ಟೀವಿಯ ಮುಂದಿನ ಸ್ಟೂಲಿನ ಮೇಲೆ ಕೆಂಪು ಟವೆಲ್ ಹೊದ್ದುಕೊಂಡು ಏನೋ ಕೂತಿತ್ತು. ತಿಪಟೂರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದ ಅವನ ತಾಯಿ ಸರ್ವಮಂಗಳಮ್ಮ ಎರಡು ಸ್ವೆಟರ್, ಒಂದು ಶಾಲು, ಒಂದು ಮಂಕಿ ಟೋಪಿಯೊಳಗಿಂದ ಅದನ್ನು ಇಣುಕಿ ನೋಡಿದರು. ಹೆಂಡತಿ ದಾಕ್ಷಾಯಿಣಿ ಒಗೆದ ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ. ಈ ಮನೆಯಲ್ಲಿ ಟವೆಲ್ ಹೊದ್ದ ವಸ್ತು ಅವಳಿಗೆ ಹೊಸದೇನಲ್ಲ. ಹಿಂದಿನ ಸಲ ಟವೆಲ್ ತೆಗೆದಾಗ ತಾನಾಗಿಯೇ ದೋಸೆ ಮಗುಚುವ ಯಂತ್ರ ಬಂದಿತ್ತು. ಅದು ಮಗುಚಿದ ದೋಸೆಯೊಂದು ಇನ್ನೂ ಟ್ಯೂಬ್‌ಲೈಟಿನ ಹಿಂದೆ ಇದೆ.

ಪ್ರಸಾದ ಟವೆಲ್ ಎಳೆದ.

"ಅಯ್ಯೋ! ಅದು ನನ್ನ ಮಸಾಲೆ ಡಬ್ಬಿ!" ದಾಕ್ಷಾಯಿಣಿಯ ಕೈಯಿಂದ ದಿಂಬಿನ ಕವರ್ ಜಾರಿತು.

"ಆಗಿತ್ತು. ಈಗ ಇದು ರಸವರ್ಧಿನಿ! ನೋಡು, ಸಾಸಿವೆ ಇದ್ದ ಬಟ್ಟಲಲ್ಲಿ ಶೃಂಗಾರ, ಜೀರಿಗೆ ಇದ್ದಲ್ಲಿ ಕರುಣ, ಖಾರದ ಪುಡಿ ಇದ್ದಲ್ಲಿ ರೌದ್ರ. ಒಂದೊಂದು ರಸಕ್ಕೆ ಒಂದೊಂದು ಕಂಪ್ಯೂಟರ್ ಚಿಪ್ಪು. ನೋಡೋರ ಮುಖ ಗಮನಿಸೋಕೆ ಮುಚ್ಚಳದಲ್ಲಿ ಕ್ಯಾಮರಾ."

"ನವರಸ ಅಂದ್ರೆ ಒಂಬತ್ತಲ್ವೇನೋ?" ಎಂದರು ಸರ್ವಮಂಗಳಮ್ಮ.

"ಬಟ್ಟಲು ಏಳೇ ಇದ್ದದ್ದಮ್ಮ. ಬೀಭತ್ಸ, ಶಾಂತ ಎರಡನ್ನೂ ಬಿಟ್ಟೆ. ಶಾಂತ ಯಾರಿಗೆ ಬೇಕು?"

"ನನಗಂತೂ ಬೇಡಪ್ಪ. ಈ ದೇಶದ ಟೀವಿ ತುಂಬಾ ಅದೇ ಇದೆ."

ಅತ್ತೆಯ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಈ ದೇಶಕ್ಕೆ ಬಂದ ಎರಡು ವರ್ಷದಲ್ಲಿ ದಾಕ್ಷಾಯಿಣಿಗೆ ಚಳಿ ಅಭ್ಯಾಸವಾಗಿತ್ತು, ಮಳೆ ಅಭ್ಯಾಸವಾಗಿತ್ತು, ಟೀವಿ ಮಾತ್ರ ಆಗಿರಲಿಲ್ಲ. ಒಂದು ರೈಲು ಹೊರಟು ಊರು ಸೇರುವವರೆಗೆ ಏಳು ಗಂಟೆ ಕಾಲ ಬರೀ ರೈಲನ್ನೇ ತೋರಿಸುತ್ತಿದ್ದರು. ಇನ್ನೊಂದು ದಿನ ಹೆಂಗಸರು ಕೂತು ಸ್ವೆಟರ್ ಹೆಣೆದರು. ಸ್ವೆಟರ್ ಮುಗಿಯುವವರೆಗೂ ಹೆಣೆದರು. ಮತ್ತೊಂದು ದಿನ ಒಲೆಯಲ್ಲಿ ಸೌದೆ ಉರಿಯಿತು. "ಒಲೆ ಮುಂದೆ ಕೂತೂ ಕೂತೂ ಸಾಕಾಗಿ ಇಲ್ಲಿಗೆ ಬಂದ್ರೆ, ಇಲ್ಲಿ ಟೀವಿಲೂ ಒಲೆನಾ!" ಎಂದು ಅತ್ತೆ ಅಂದು ಊಟವನ್ನೇ ಅರ್ಧಕ್ಕೆ ಬಿಟ್ಟು ಎದ್ದಿದ್ದರು. ನಮ್ಮಲ್ಲಿ ಟೊಮೇಟೊ ಬೆಲೆ ಏರಿದರೂ ಪರದೆ ಕೆಂಪಗಾಗಿ ನಡುಗುತ್ತದೆ. ಇಲ್ಲಿ ಸರಕಾರ ಬಿದ್ದ ಸುದ್ದಿಯನ್ನು ಮಗುವಿಗೆ ಜೋಗುಳ ಹಾಡಿದಂತೆ ಓದುತ್ತಾರೆ. ಚರ್ಚೆಗೆ ಕರೆದರೆ ಒಬ್ಬರು ಮಾತು ಮುಗಿಸುವವರೆಗೆ ಇನ್ನೊಬ್ಬರು ಕಾಯುತ್ತಾರೆ! ಅಂಥ ಚರ್ಚೆಯನ್ನು ಯಾರು ನೋಡಬೇಕು?

ಆದರೆ ದಾಕ್ಷಾಯಿಣಿ ನೋಡಲೇಬೇಕಿತ್ತು. ಹತ್ತಿರದ ಶಿಶುವಿಹಾರದಲ್ಲಿ ಅವಳಿಗೆ ಕೆಲಸ ಕೊಡಲು ಒಪ್ಪಿದ್ದರು, ನಾರ್ವೇಜಿಯನ್ ಮಾತಿನ ಪರೀಕ್ಷೆ ಪಾಸಾದರೆ. ಚಳಿಗಾಲದಲ್ಲಿ ಒಮ್ಮೆ ಹೆಸರು ಬರೆಸಿ ಪರೀಕ್ಷೆಗೆ ಹೋಗಿದ್ದಳು. ಪರೀಕ್ಷಕರು ಒಂದು ಚಿತ್ರ ಕೊಟ್ಟು ಮೂರು ನಿಮಿಷ ಮಾತಾಡಿ ಎಂದರು. "ಇದು ಒಂದು ಕೆರೆ" ಎಂದಳು. ಆಮೇಲೆ ಕೆರೆಯೂ ಸುಮ್ಮನಿತ್ತು, ಅವಳೂ ಸುಮ್ಮನಿದ್ದಳು. "ದಿನಾ ಟೀವಿ ನೋಡಿ, ಮಾತು ಬರುತ್ತದೆ" ಎಂದು ಟೀಚರ್ ಹೇಳಿದ್ದರು. ಏಳು ಗಂಟೆ ರೈಲು ನೋಡಿದರೆ ಯಾವ ಮಾತು ಬಂದೀತು? ಈ ಗುರುವಾರ ಹನ್ನೊಂದು ಗಂಟೆಗೆ ಮತ್ತೆ ಪರೀಕ್ಷೆ. ತಪ್ಪಿದರೆ ಇನ್ನು ಡಿಸೆಂಬರಿಗೇ. ಅಷ್ಟು ದಿನ ಶಿಶುವಿಹಾರದವರು ಕಾಯುವುದಿಲ್ಲ. ಈ ಸಲ ಪಾಸಾಗಿಯೇ ತೀರುತ್ತೇನೆಂದು ಅವಳು ಯಾರಿಗೂ ಹೇಳದೆ ನಿಶ್ಚಯಿಸಿಕೊಂಡಿದ್ದಳು. ಫ್ರಿಜ್ಜಿನ ಬಾಗಿಲು, ಕನ್ನಡಿ, ಅಕ್ಕಿ ಡಬ್ಬ, ಎಲ್ಲ ಕಡೆ ನಾರ್ವೇಜಿಯನ್ ಪದ ಬರೆದ ಚೀಟಿ ಅಂಟಿಸಿದ್ದಳು.

"ಅದಕ್ಕೇ ಇದನ್ನ ಮಾಡಿದ್ದು ದಾಕ್ಷಾ, ನಿನಗೋಸ್ಕರ!" ಎಂದ ಪ್ರಸಾದ. ಅವನು ಮೀನು ಸಾಕುವ ಕಂಪನಿಯೊಂದರಲ್ಲಿ ಮೇವು ಹಾಕುವ ಯಂತ್ರಗಳ ಎಂಜಿನಿಯರ್. ಹುಟ್ಟಾ ಸಸ್ಯಾಹಾರಿಯಾದ್ದರಿಂದ ಮೀನುಗಳಿಗೆ ಅವನ ಮೇಲೆ ವಿಶ್ವಾಸವಿತ್ತು. "ಅಮ್ಮ ಆರು ವರ್ಷದಿಂದ ನೋಡ್ತಿರೋ ಸೀರಿಯಲ್ಲಿನ ಸಾವಿರದ ನೂರಾ ನಲವತ್ತು ಕಂತನ್ನೂ ಇದಕ್ಕೆ ಕಲಿಸಿದ್ದೀನಿ. ಇಲ್ಲಿನ ಸಪ್ಪೆ ಕಾರ್ಯಕ್ರಮ ಒಳಗೆ ಹೋಗುತ್ತೆ, ಒಗ್ಗರಣೆ ಹಾಕಿಸ್ಕೊಂಡು ಹೊರಗೆ ಬರುತ್ತೆ! ಮಾತು ಇಲ್ಲಿಯ ಭಾಷೇಲಿ, ಅರ್ಥ ಕೆಳಗೆ ಕನ್ನಡದಲ್ಲಿ. ಮನೆಯ ವೈಫೈಗೂ ಸೇರಿಸಿದ್ದೀನಿ, ದುಃಖ ಬಂದ್ರೆ ಬಲ್ಬೂ ಮಂಕಾಗುತ್ತೆ!"

ಗುಂಡಿ ಒತ್ತಿದ. ಟೀವಿಯಲ್ಲಿ ಅದೇ ರೈಲು ಹೋಗುತ್ತಿತ್ತು.

ಧಡಾಂ! ರೈಲಿನ ಮುಖ ಹತ್ತಿರ ಬಂತು. ಧಡಾಂ! ಇನ್ನೂ ಹತ್ತಿರ. ಧಡಾಂ! ಎಂಜಿನ್ನಿನ ದೀಪದಲ್ಲಿ ನೀರು ತುಂಬಿತು. ಎರಡನೇ ಬೋಗಿಯಲ್ಲಿ ತೂಕಡಿಸುತ್ತಿದ್ದ ಅಜ್ಜಿಯ ಮಡಿಲಲ್ಲಿ ಒಂದು ಚೀಲವಿತ್ತು. ಟಿಕೆಟ್ ನೋಡಲು ಬಂದವನು ಹುಬ್ಬು ಗಂಟಿಕ್ಕಿ ಕೇಳಿದ: "ನಿಲ್ಲಿ! ಆ ಚೀಲದಲ್ಲಿ ಏನಿದೆ?"

"ಅಯ್ಯಯ್ಯೋ, ಕೊಡಬೇಡಮ್ಮಾ ಚೀಲಾನ!" ಸರ್ವಮಂಗಳಮ್ಮ ಮಂಕಿ ಟೋಪಿ ಕಿತ್ತೆಸೆದು ನೆಟ್ಟಗೆ ಕೂತರು.

ಮಸಾಲೆ ಡಬ್ಬಿ ಹೋದ ಸಂಕಟ ಇದ್ದರೂ ದಾಕ್ಷಾಯಿಣಿ ಒಪ್ಪಲೇಬೇಕಾಯಿತು, ಯಂತ್ರ ಕೆಲಸ ಮಾಡುತ್ತಿತ್ತು. ಏಳು ಗಂಟೆಯ ರೈಲನ್ನು ಅದು ಕಂತು ಕಂತಾಗಿ ದಿನಗಟ್ಟಲೆ ಎಳೆಯಿತು. ಸಾಸಿವೆ, ಜೀರಿಗೆ, ಅರಿಶಿನವನ್ನೆಲ್ಲ ಲೋಟಗಳಿಗೆ ಸುರಿದುಕೊಂಡು ಅಡುಗೆ ಮಾಡುತ್ತಲೇ ಅವಳು ಮೂರು ದಿನ ರೈಲಿನ ಮಾತುಗಳನ್ನು ಬಾಯಿಪಾಠ ಮಾಡಿದಳು. ಪಾತ್ರೆ ಉಜ್ಜುವಾಗ "ಈ ಸತ್ಯ ನನ್ನ ಜೊತೆಗೇ ಮಣ್ಣಾಗಲಿ!" ಎಂದಳು. ಬಸ್ಸಿನಲ್ಲಿ ಡ್ರೈವರಿಗೆ "ಕೊನೆಗೂ ಬಂದಿರಾ!" ಎಂದಳು. ಅವನು ಟಿಕೆಟ್ ಕೊಡುವುದನ್ನೂ ಮರೆತ.

ಎಡವಟ್ಟಾದದ್ದು ಬುಧವಾರ ಸಂಜೆ. ರೈಲು ಕೊನೆಯ ಸ್ಟೇಷನ್ನಿಗೆ ಮುಂಚಿನ ಸುರಂಗದೊಳಗೆ ಹೊಕ್ಕಿತು. ಅಜ್ಜಿ ಚೀಲದ ದಾರ ಬಿಚ್ಚಿದಳು. ಧಡಾಂ! ಪರದೆ ನಿಂತಿತು. 'ಮುಂದುವರಿಯುತ್ತದೆ' ಎಂದು ಬಂತು.

ಮುಂದುವರಿಯಲಿಲ್ಲ. ಅರ್ಧ ಗಂಟೆ ಕಾದರು. ಅಷ್ಟರಲ್ಲಿ ಬಚ್ಚಲಿನ ಕಡೆಯಿಂದ ಧಡಾಂ ಎಂದಿತು. ದಾಕ್ಷಾಯಿಣಿ ಓಡಿದಳು. ಬಟ್ಟೆ ಒಗೆಯುವ ಮೆಷಿನ್ನು 'ಉಳಿದಿರುವುದು ಒಂದು ನಿಮಿಷ' ಎಂದು ತೋರಿಸುತ್ತಾ ನಿಂತಿತ್ತು. ಬಲ್ಬು ಮಂಕಾಯಿತು. ಹತ್ತು ನಿಮಿಷ ಬಿಟ್ಟು ನೋಡಿದರೂ ಅದೇ ಒಂದು ನಿಮಿಷ! ಪರೀಕ್ಷೆಗೆ ಉಡಬೇಕೆಂದಿದ್ದ ಹಸಿರು ಸೀರೆ ಅದರೊಳಗಿತ್ತು. ಪಾತ್ರೆ ತೊಳೆಯುವ ಮೆಷಿನ್ನೂ ಅದೇ ದಾರಿ ಹಿಡಿದು ಮನೆಯ ತಟ್ಟೆಗಳನ್ನೆಲ್ಲ ಹೊಟ್ಟೆಯೊಳಗೆ ಇಟ್ಟುಕೊಂಡಿತು. ಆ ಸಂಜೆ ಮೂವರೂ ಪಾತ್ರೆಯ ಮುಚ್ಚಳಗಳಲ್ಲಿ ಉಪ್ಪಿಟ್ಟು ತಿಂದರು.

"ಏನ್ರೀ ಇದು?"

"ಅದು... ಬಹಳ ಚೆನ್ನಾಗಿ ಕಲಿತುಬಿಟ್ಟಿದೆ ಕಣೇ," ಎಂದ ಪ್ರಸಾದ, ಭಯಕ್ಕಿಂತ ಹೆಮ್ಮೆಯೇ ಹೆಚ್ಚಾಗಿ. "ಸೀರಿಯಲ್ಲಿನಲ್ಲಿ ಯಾವುದೂ ಮುಗಿಯಲ್ಲ ನೋಡು. ಹಾಗಾಗಿ ಇದೂ ಏನನ್ನೂ ಮುಗಿಯೋಕೆ ಬಿಡ್ತಿಲ್ಲ. ನಾಳೆ ನಾನು ಸರಿ ಮಾಡ್ತೀನಿ."

"ನಾಳೆ ನನ್ನ ಪರೀಕ್ಷೆ!"

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ದಾಕ್ಷಾಯಿಣಿ ಇದ್ದುದರಲ್ಲೇ ಒಂದು ನೀಲಿ ಸೀರೆ ಉಟ್ಟು, ಮೇಲೆ ಕೋಟು ಹಾಕಿ, ಹೊರಬಾಗಿಲ ಗುಂಡಿ ಒತ್ತಿದಳು. ಅದೂ ವೈಫೈಗೆ ಸೇರಿದ, ಮೂರು ಸಲ ಕೀ ಎಂದು ತೆರೆದುಕೊಳ್ಳುವ ಬಾಗಿಲು. ಒಂದು ಸಲ ಕೀ ಎಂದಿತು. ಎರಡು ಸಲ ಎಂದಿತು. ಧಡಾಂ!

ಮೂರನೆಯದು ಬರಲೇ ಇಲ್ಲ.

"ಕಿತ್ತು ಬಿಸಾಕ್ರಿ ಆ ಡಬ್ಬಿನ!"

"ಬೇಡ ಬೇಡ! ಈಗ ಕಿತ್ರೆ ಬೀಗ ಹಾಗೇ ಬಿದ್ದಿರುತ್ತೆ. ಅದನ್ನ ಅದೇ ತೆಗೀಬೇಕು." ಪ್ರಸಾದನ ಮುಖ ಸಣ್ಣಗಾಗಿತ್ತು. "ಕ್ಷಮಿಸೇ ದಾಕ್ಷಾ. ನಿನಗೆ ಒಳ್ಳೇದಾಗಲಿ ಅಂತ..."

ಆಗ ಬಾಗಿಲ ಆಚೆ ಯಾರೋ ಬಡಿದರು. ಬಾಗಿಲ ಪಕ್ಕದ ಪುಟ್ಟ ಪರದೆಯಲ್ಲಿ ಎದುರುಮನೆಯ ಹಾಲ್ವರ್ ಕಾಣಿಸಿದ. ಎಪ್ಪತ್ತು ದಾಟಿದ ಮುದುಕ. ಎರಡು ವರ್ಷದಲ್ಲಿ ಮಾತಾಡಿದ್ದು ಎರಡು ಸಲ, ಎರಡು ಸಲವೂ ನಮಸ್ಕಾರ ಎಂದಷ್ಟೇ. ಈಗ ಅವನ ಕೂದಲು ಕೆದರಿತ್ತು.

"ರೈಲು ಎಲ್ಲಿ?" ಎಂದು ನಾರ್ವೇಜಿಯನ್ನಿನಲ್ಲಿ ಕೂಗಿದ. "ನಮ್ಮ ಕಟ್ಟಡಕ್ಕೆಲ್ಲ ಟೀವಿಯ ತಂತಿ ಒಂದೇ. ಮೂರು ದಿನದಿಂದ ನೋಡುತ್ತಿದ್ದೇನೆ. ಚೀಲದಲ್ಲಿ ಏನಿದೆ?"

ದಾಕ್ಷಾಯಿಣಿ ಯೋಚಿಸಲೂ ಇಲ್ಲ, ಅದೇ ಭಾಷೆಯಲ್ಲಿ ಕೂಗಿದಳು: "ಅಲ್ಲೇ ನಿಲ್ಲಿ, ಹಾಲ್ವರ್! ಸತ್ಯ ಇಂದೇ ಹೊರಬೀಳುತ್ತದೆ!"

ಎಂದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಇಷ್ಟು ಮಾತು ಬಾಯಿಗೆ ಬಂದ ಮೇಲೆ ಮನೆಯೊಳಗೆ ಕೂತು ಪರೀಕ್ಷೆ ತಪ್ಪಿಸಿಕೊಳ್ಳುವುದೇ? ಸಾಧ್ಯವಿಲ್ಲ! ಸೆರಗು ಸಿಕ್ಕಿಸಿಕೊಂಡು ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಸೀರಿಯಲ್ಲು ಯಾವತ್ತಾದ್ರೂ ಮುಗಿಯುತ್ತಲ್ಲ, ಆವತ್ತು ಏನಾಗುತ್ತೆ?"

"ಏನಿದೆ, ಅತ್ತೆ ಸೊಸೆ ರಾಜಿ ಆಗ್ತಾರೆ. ಮನೆ ಮಂದಿಯೆಲ್ಲ ಒಟ್ಟಿಗೆ ನಿಂತು ನಗ್ತಾರೆ. ನೆರೆಮನೆಯೋರೂ ಇರ್ತಾರೆ."

"ಹಾಗಾದ್ರೆ ನಾವೂ ಮಾಡೋಣ. ಬನ್ನಿ!"

ಡಬ್ಬಿಯ ಮುಚ್ಚಳದಲ್ಲಿದ್ದ ಕ್ಯಾಮರಾದ ಎದುರು ಇಬ್ಬರೂ ತಬ್ಬಿಕೊಂಡು ನಿಂತರು. ಪ್ರಸಾದ ಹಲ್ಲು ಕಿರಿದ. ಡಬ್ಬಿ ಕಿಮಕ್ಕೆನ್ನಲಿಲ್ಲ.

"ಜಗಳಾನೇ ಆಗದೆ ರಾಜಿ ಅಂದ್ರೆ ಅದು ನಂಬುತ್ತೇನೇ?" ಎಂದರು ಸರ್ವಮಂಗಳಮ್ಮ. "ಮೊದಲು ಜಗಳ ಆಡು."

"ನೀವು... ನೀವು ಸರಿ ಇಲ್ಲ, ಅತ್ತೆ."

ಡಬ್ಬಿಯಿಂದ 'ಟಿಕ್' ಎಂಬ ಸದ್ದು ಬಂತು, ಪಾಪ ಅನಿಸಿ ಕೊಟ್ಟಂತೆ.

"ಇದೇನು ಜಗಳಾನೇ! ಹತ್ತೂ ಹತ್ತಾಯ್ತು!" ಎಂದ ಪ್ರಸಾದ.

"ನೀನು ಸುಮ್ನಿರೋ! ಸರಿ, ನಾನೇ ಶುರು ಮಾಡ್ತೀನಿ." ಅತ್ತೆ ಗಂಟಲು ಸರಿಮಾಡಿಕೊಂಡರು. "ಬಂದು ಐದು ವಾರ ಆಯ್ತು, ಒಂದು ದಿನಾನಾದ್ರೂ ಸಾರಿಗೆ ಬೆಲ್ಲ ಹಾಕಿದ್ದೀಯಾ? ಚೂರು ಬೆಲ್ಲ! ನಾನೇನು ಬಂಗಾರ ಕೇಳಿದ್ನಾ?"

ಧಡ್!

"ನಾನು ಒರೆಸಿದ ಕಟ್ಟೆನ ನೀವು ಮತ್ತೆ ಒರೆಸ್ತೀರಲ್ಲ, ದಿನಾ! ನಾನು ನೋಡಿಲ್ಲ ಅಂದ್ಕೊಂಡ್ರಾ?"

ಧಡಾಂ! ಬಲ್ಬು ಕೆಂಪಗಾಯಿತು.

"ಮೂಲೇಲಿ ಜಿಡ್ಡು ಬಿಟ್ಟಿರ್ತೀಯ, ಒರೆಸ್ದೆ ಇನ್ನೇನು ಮಾಡ್ಲಿ?"

"ಜಿಡ್ಡಿನ ಮಾತು ಬಿಡಿ! ಪರೀಕ್ಷೆ ಕಟ್ಟಿದೀನಿ ಅಂದಾಗ, 'ಈ ವಯಸ್ಸಿನಲ್ಲಿ ಯಾಕಮ್ಮ ಇದೆಲ್ಲ' ಅಂದ್ರಲ್ಲ! ನನಗೆ ನಲವತ್ತಷ್ಟೇ ಅತ್ತೆ! ಆವತ್ತಿಂದ ಆ ಮಾತು ಇಲ್ಲೇ ಇದೆ!" ದಾಕ್ಷಾಯಿಣಿ ಎದೆ ಮುಟ್ಟಿಕೊಂಡಳು. ದನಿ ನಿಜವಾಗಿಯೇ ನಡುಗಿತ್ತು.

ಧಡಾಂ! ಧಡಾಂ! ಧಡಾಂ! ಟೀವಿಯ ಪರದೆಯಲ್ಲಿ ಅತ್ತೆಯ ಮುಖ ಮೂರು ಸಲ ಹತ್ತಿರ ಬಂತು. ಆ ಮುಖದಲ್ಲಿ ನಟನೆ ಇರಲಿಲ್ಲ.

"ಅಯ್ಯೋ ಮಗಳೇ," ಎಂದರು ಸರ್ವಮಂಗಳಮ್ಮ ಮೆಲ್ಲಗೆ. "ಇಡೀ ದಿನ ದುಡಿದು, ಚೀಟಿ ಹಿಡ್ಕೊಂಡು ನಿಂತಲ್ಲೇ ತೂಕಡಿಸ್ತಿದ್ದೆ. ಆಯಾಸ ಮಾಡ್ಕೋಬೇಡ ಅಂತ ಹೇಳೋಕೆ ಹೋಗಿ ಬಾಯಿಗೆ ಬಂದದ್ದು ಅದು. ನೀನು ಆ ಭಾಷೇಲಿ ಮುದುಕನ್ನ ಗದರಿಸಿದ್ದು ಕೇಳಿದ್ನಲ್ಲ, ಎಷ್ಟು ಹೆಮ್ಮೆ ಆಯ್ತು ಗೊತ್ತಾ!" ದೇವರ ಗೂಡಿನಿಂದ ವಿಭೂತಿ ತಂದು ಸೊಸೆಯ ಹಣೆಗೆ ಹಚ್ಚಿದರು. "ಗೆದ್ದು ಬಾ. ಕಟ್ಟೆನ ಇನ್ಮೇಲೆ ನಾನೇ ಒರೆಸ್ತೀನಿ, ನೀನು ಒರೆಸೋದೇ ಬೇಡ."

ಕೊಳಲಿನ ದನಿ ಕೇಳಿಬಂತು. ಬಲ್ಬು ಹೊಂಬಣ್ಣಕ್ಕೆ ತಿರುಗಿತು. ಆದರೂ ಬಾಗಿಲು ತೆರೆಯಲಿಲ್ಲ!

"ನೆರೆಮನೆಯವನು!" ಎಂದು ಪ್ರಸಾದ ಕೂಗಿದ. "ಅವನು ನಗ್ತಿಲ್ಲ!"

"ಹಾಲ್ವರ್! ನಗಿ!" ದಾಕ್ಷಾಯಿಣಿ ಬಾಗಿಲಿಗೆ ಬಾಯಿಟ್ಟು ಕಿರುಚಿದಳು.

"ಏಕೆ?" ಎಂದು ಕೇಳಿದ ಆತ, ಪ್ರಾಮಾಣಿಕ ಕುತೂಹಲದಿಂದ.

"ನಕ್ಕರೆ ಚೀಲ ತೆರೆಯುತ್ತದೆ!"

ಪುಟ್ಟ ಪರದೆಯಲ್ಲಿ ಹಾಲ್ವರನ ಮೀಸೆಯ ಒಂದು ತುದಿ ಮೇಲೇರಿತು. ತುಸು ತಡೆದು ಇನ್ನೊಂದು ತುದಿಯೂ ಏರಿತು.

ಕೀ! ಬಾಗಿಲು ತೆರೆಯಿತು. ಬಟ್ಟೆ ಮೆಷಿನ್ನು ತೆರೆಯಿತು, ತಟ್ಟೆಗಳು ಬಿಡುಗಡೆಯಾದವು, ಟೀವಿಯಲ್ಲಿ ರೈಲು ಸುರಂಗದಿಂದ ಹೊರಬಂತು. ಅಷ್ಟರಲ್ಲಿ ದಾಕ್ಷಾಯಿಣಿ ಎರಡನೇ ಮಹಡಿಯ ಮೆಟ್ಟಿಲಲ್ಲಿದ್ದಳು.

ಪರೀಕ್ಷೆಯಲ್ಲಿ ಕೊಟ್ಟ ಚಿತ್ರದಲ್ಲಿ ಬಸ್ ಸ್ಟಾಪಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು, ಕೈಯಲ್ಲಿ ಚೀಲ. ದಾಕ್ಷಾಯಿಣಿ ಒಮ್ಮೆ ಉಸಿರೆಳೆದುಕೊಂಡಳು. ಆ ಹೆಂಗಸಿಗೆ ಇಪ್ಪತ್ತು ವರ್ಷದ ಹಿಂದೆ ಕಾಣೆಯಾದ ತಂಗಿಯನ್ನು ಕೊಟ್ಟಳು, ಬಸ್ಸಿನ ಡ್ರೈವರನ ಮೇಲೆ ಅನುಮಾನ ಹುಟ್ಟಿಸಿದಳು, ಬಸ್ಸನ್ನು ತಿರುವಿನಲ್ಲಿ ತಂದು ನಿಲ್ಲಿಸಿದಳು. "ಆಗ ಅವಳು ಚೀಲದೊಳಗೆ ಕೈ ಹಾಕಿದಳು..." ಎನ್ನುವಾಗ ಸಮಯ ಮುಗಿದ ಗಂಟೆ ಹೊಡೆಯಿತು. ಅವಳು ಥಟ್ಟನೆ ನಿಲ್ಲಿಸಿದಳು. ಪರೀಕ್ಷಕಿಯರಿಬ್ಬರೂ ಮುಖ ಮುಖ ನೋಡಿಕೊಂಡರು. ಒಬ್ಬಾಕೆ ಗಡಿಯಾರವನ್ನು ಬೋರಲು ಹಾಕಿ, "ನಿಯಮದಲ್ಲಿ ಇಲ್ಲ, ಆದರೂ ಹೇಳಿಬಿಡಿ" ಎಂದಳು.

ಅವಳು ಪಾಸಾಗಿದ್ದಾಳೆಂದು ಮುಂದಿನ ವಾರ ಕಾಗದ ಬಂತು. ಆದರೆ ಆ ಮಧ್ಯಾಹ್ನವೇ, ಮನೆಯ ಮೆಟ್ಟಿಲು ಹತ್ತುವಾಗಲೇ, ಅವಳಿಗೆ ಅದು ಗೊತ್ತಿತ್ತು.

ಬಾಗಿಲು ತೆರೆದರೆ ಮನೆಯಲ್ಲಿ ಸದ್ದೇ ಇಲ್ಲ. ಅತ್ತೆ ಸೋಫಾದ ತುದಿಯಲ್ಲಿ ಕಣ್ಣು ಮಿಟುಕಿಸದೆ ಕೂತಿದ್ದರು. ಪಕ್ಕದಲ್ಲಿ ಹಾಲ್ವರ್, ತೊಡೆಯ ಮೇಲೆ ಚಕ್ಕುಲಿಯ ತಟ್ಟೆ. ಪ್ರಸಾದ ಮೂಲೆಯಲ್ಲಿ ತಲೆ ಕೆರೆದುಕೊಳ್ಳುತ್ತಾ ನಿಂತಿದ್ದ. ಅವತ್ತಿನ ರಾಜಿಯನ್ನು ನೋಡಿ ರಸವರ್ಧಿನಿ ತಾನಾಗಿಯೇ ಶಾಂತರಸ ಕಲಿತುಬಿಟ್ಟಿತ್ತು, ಕಲಿತದ್ದನ್ನು ಅತ್ತೆಯ ಸೀರಿಯಲ್ಲಿನ ಮೇಲೆ ಪ್ರಯೋಗಿಸಿತ್ತು. ಆರು ವರ್ಷದಿಂದ ಸೊಸೆಗೆ ವಿಷ ಹಾಕಲು ಹೊಂಚುತ್ತಿದ್ದ ಸೀರಿಯಲ್ಲಿನ ಅತ್ತೆ ಮೂರು ಗಂಟೆ ಹೊತ್ತಿನಿಂದ ಒಲೆಯ ಮುಂದೆ ಕೂತು, ಒಂದು ಮಾತೂ ಆಡದೆ, ಅದೇ ಸೊಸೆಗೆ ಸ್ವೆಟರ್ ಹೆಣೆಯುತ್ತಿದ್ದಳು.

"ಅತ್ತೆ, ಪರೀಕ್ಷೆ..."

"ಶ್! ತಾಳೇ, ಅವಳು ಈಗ ತೋಳು ಶುರು ಮಾಡ್ತಾಳೆ!"

ಹಾಲ್ವರ್ ನಿರಾಸೆಯಿಂದ ಚಕ್ಕುಲಿ ಮುರಿದ. "ಇವರು ಜಗಳ ಯಾವಾಗ ಆಡುತ್ತಾರೆ?" ಎಂದು ಕೇಳಿದ.

ದಾಕ್ಷಾಯಿಣಿ ಕೋಟು ತೆಗೆದು ಗೂಟಕ್ಕೆ ಹಾಕಿದಳು. ಅಡುಗೆಮನೆಯಲ್ಲಿ ಸಾಲಾಗಿ ನಿಂತ ಏಳು ಲೋಟಗಳನ್ನೂ, ಟೀವಿಯ ಮುಂದೆ ಮಿನುಗುತ್ತಿದ್ದ ತನ್ನ ಮಸಾಲೆ ಡಬ್ಬಿಯನ್ನೂ, ಆಮೇಲೆ ಗಂಡನನ್ನೂ ನೋಡಿದಳು.

"ಇನ್ನೈದು ನಿಮಿಷ ಕಾಯಿರಿ," ಎಂದಳು ಸ್ವಚ್ಛವಾದ ನಾರ್ವೇಜಿಯನ್ನಿನಲ್ಲಿ. "ಟೀವಿಯಲ್ಲಲ್ಲ, ಅಡುಗೆಮನೆಯಲ್ಲಿ."