ಅಕ್ಕಿ ಆರ್ಲಿ

ಆ ಶನಿವಾರವೂ ನಮ್ಮ ಮನೆಯವರು ನನ್ನ ಮಾನ ಕಳೆದೇ ಊಟಕ್ಕೆ ಬಂದರು. ಉಳಿದ ದಿನಗಳಲ್ಲಿ ಉಳಿಸುತ್ತಿದ್ದರು ಅಂತಲ್ಲ. ಲೊಕ್ಕನಹಳ್ಳಿ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಆದರೆ ಕುಂಚ ಹಿಡಿದದ್ದನ್ನು ಕಂಡವರಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದೇ ಅವರ ಪಾಠ. "ನಾನ್ ಗೀಚುದ್ರೆ ನನ್ ಗೋಡೆ ಆಯ್ತದೆ. ನೀವೇ ಜಗಳ ಆಡ್ಕಂಡು ಒಪ್ಕಳಿ," ಎನ್ನುವರು.

ಒಂಬತ್ತನೇ ತರಗತಿಯವರು ಶಾಲೆಯ ಉದ್ದನೆಯ ಗೋಡೆಯ ಮೇಲೆ ಊರಿನ ಚಿತ್ರ ಬರೆಯಲು ಹೊರಟಿದ್ದರು. ಅಳೆಯಲು ಟೇಪು ಸಿಗದೆ ಇವರು ಒಣಹಾಕಿದ್ದ ನನ್ನ ಸೀರೆ ಒಯ್ದರು. "ಅಕ್ಕೋ, ನಿಮ್ ಸೀಲೆ ಇಸ್ಕೂಲ್ ಗೋಡೆ ಅಳೀತಾ ಅದೆ," ಎಂದು ನೀರಿಗೆ ಬಂದವರೆಲ್ಲ ನಕ್ಕರು. ಆಮೇಲೆ ಆನೆಯ ಜಗಳ. ಕಾಡಂಚಿನ ಊರು, ಚಿತ್ರದಲ್ಲೂ ತಮ್ಮ ಹೊಲದಲ್ಲಿ ಆನೆ ನಿಲ್ಲಿಸಲು ಯಾವ ಹುಡುಗ ಒಪ್ಪುತ್ತಾನೆ? ಕೊನೆಗೆ ಅದು ಮೇಷ್ಟ್ರ ಹಿತ್ತಿಲಲ್ಲಿ ನಿಂತಿತು. ಎದುರಿಗೆ, ಪೊರಕೆ ಹಿಡಿದ ನಾನು!

ಶನಿವಾರ ಉಳಿದಿದ್ದು ಆಕಾಶ. "ಮ್ಯಾಲ್ಗಡೆ ಕಾಲಿ ಬುಡ್ಬ್ಯಾಡಿ, ಅಕ್ಕಿ ಆರ್ಲಿ," ಎಂದು ಹೇಳಿ ಇವರು ಟೀಗೆ ಹೋದರು. ಹಕ್ಕಿ ಹಾರಲಿ ಎಂಬುದು ಅವರ ಮನಸ್ಸು. ಹಕಾರ ಅವರ ಬಾಯಿಗೆ ಬಾರದು, ಮಕ್ಕಳೂ ಅದನ್ನು ನಿರೀಕ್ಷಿಸರು. ಬಂದು ನೋಡಿದರೆ ಮೋಡದ ಮೇಲೆ ಚಾಪೆ, ಚಾಪೆಯ ತುಂಬ ಅಕ್ಕಿ.

"ಇದೇನ್ರಲಾ?"

"ನೀವೇ ಏಳುದ್ರಲ್ಲಾ ಸಾ, ಅಕ್ಕಿ ಆರ್ಲಿ ಅಂತ."

"ಮೋಡುದ್ ಮ್ಯಾಲಾ?"

"ಕೆಳುಗ್ ಆಕುದ್ರೆ ಆನೆ ತಿನ್ನಕಿಲ್ವಾ ಸಾ?"

ಊಟಕ್ಕೆ ಕೂತು ಇದನ್ನು ಹೇಳಿ ನಗುತ್ತ ಅವರಿಗೆ ಅನ್ನ ನೆತ್ತಿಗೇರಿತು. ನನಗೆ ನಗು ಬರಲಿಲ್ಲ. ಗೋಡೆ ನೋಡಲು ಯಳಂದೂರಿನಿಂದ ನನ್ನ ತವರಿನವರು ಬರುವವರಿದ್ದರು. "ಸುಣ್ಣ ಒಡ್ಸಿ. ನಾನು ತಲೆ ಎತ್ಕಂಡು ತಿರುಗ್ಬೇಕು," ಎಂದೆ.

"ಬುಡು. ತಿನ್ನೋ ಅಕ್ಕಿ ಆಕವ್ರೆ, ಆರೋ ಅಕ್ಕಿ ತಾನಾಗೇ ಬತ್ತವೆ."

ಮಾರನೆಯ ದಿನ ಹಕ್ಕಿಗೆಂದು ನೀಲಿ ಬಣ್ಣ ತರಲು ಹನೂರಿಗೆ ಹೋದವರು ಬಸ್‌ಸ್ಟ್ಯಾಂಡಿನಲ್ಲಿ ಕುಸಿದರು. ಜೀವಂತವಾಗಿ ಮನೆಗೆ ಬರಲಿಲ್ಲ.

ತಿಥಿ ಕಳೆದ ಮೇಲೆ ಶಾಲೆಯ ಮಕ್ಕಳು ಬಾಗಿಲಲ್ಲಿ ನಿಂತರು. "ಅಮ್ಮಾ, ಅಕ್ಕಿಗೆ ಸುಣ್ಣ ಒಡ್ದುಬುಡ್ವಾ? ನಿಮ್ಗೆ ನಾಚ್ಕೆ ಆಯ್ತದೆ ಅಂತ ಸಾ ಏಳಿದ್ರು."

ಹೌದು, ನಾಚಿಕೆಯಾಗಿತ್ತು. ಈಗಲೂ ಆಗುತ್ತದೆ, ಆ ಊಟದ ಹೊತ್ತಿಗೆ ನಗದೆ ಕೂತಿದ್ದೆನಲ್ಲ ಎಂದು. "ಬ್ಯಾಡ, ಅಂಗೇ ಇರ್ಲಿ," ಎಂದೆ.

ಈಗ ಸಂಜೆ ನಾನೂ ಗೋಡೆಯ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಯಾವ ಹಕ್ಕಿ ಬರೆಯುವುದೆಂದು ಮಕ್ಕಳ ಜಗಳ ಮುಗಿದಿಲ್ಲ. ಆನೆ ಇದೆ, ಪೊರಕೆ ಇದೆ, ಅಕ್ಕಿ ಆರುತ್ತಿದೆ.

ಹಕ್ಕಿ ಇನ್ನೂ ಬಂದಿಲ್ಲ.